ಬಾಚಣಿಗೆ ಕಾಗದ ಎಳೆಯಲಿಲ್ಲ ಎಂದೇ ಬರೆಯಿರಿ

ಪ್ರಶ್ನೆ: ಬ್ರಹ್ಮಾವರದ ಹತ್ತಿರ ಒಂದು ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಈ ಜೂನ್‌ನಿಂದ ಗೌರವ ಶಿಕ್ಷಕಿಯಾಗಿದ್ದೇನೆ. ವಿಜ್ಞಾನ ಕಲಿಸುತ್ತೇನೆ. ಬಿ.ಎಡ್. ಮುಗಿದು ಒಂದು ವರ್ಷ ಆಯಿತು. ಶಾಲೆಯಲ್ಲಿ ವಿಜ್ಞಾನಕ್ಕೆ ನಾನೊಬ್ಬಳೇ. ಏನಾದರೂ ಸಂಶಯ ಬಂದರೆ ಕೇಳಲು ಯಾರೂ ಇಲ್ಲ. ಬೆಂಗಳೂರಿನಲ್ಲಿರುವ ಗೆಳತಿ, ಲಿಂಕ್ಡ್‌ಇನ್ ಖಾತೆ ತೆರೆ, ದಿನಾ ರೀಲ್ಸ್ ಹಾಕು, ಆಗ ದೊಡ್ಡ ಶಾಲೆಗಳ ಕಣ್ಣಿಗೆ ಬೀಳ್ತೀಯ ಅನ್ನುತ್ತಾಳೆ. ನಮ್ಮ ಹೆಡ್‌ಮಾಸ್ಟರು, ಅದೆಲ್ಲ ಬೇಡ ಟೀಚರೇ, ಸುಮ್ನೆ ತಲೆನೋವು ಎಂದಿದ್ದಾರೆ. ಏಳು ವಾಟ್ಸಾಪ್ ಗ್ರೂಪುಗಳಲ್ಲಿ ಇದ್ದೇನೆ, ಎಲ್ಲದರಲ್ಲೂ ಶುಭೋದಯ ಬಿಟ್ಟು ಬೇರೇನಿಲ್ಲ. ಇದರ ಮಧ್ಯೆ ಮಕ್ಕಳು ಇನ್‌ಸ್ಟಾಗ್ರಾಂನಲ್ಲಿ ರಿಕ್ವೆಸ್ಟ್ ಕಳಿಸುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ನಿಂತದ್ದು ‘ಕೇಳಲು ಯಾರೂ ಇಲ್ಲ’ ಎಂಬ ಮಾತಿನಲ್ಲಿ. ರೀಲ್ಸು, ಲಿಂಕ್ಡ್‌ಇನ್ನು ಎಲ್ಲ ಆಮೇಲಿನ ವಿಷಯ. ಪಾಠ ಕೈಕೊಟ್ಟ ದಿನ ಸಂಜೆ ಒಂದು ಮೆಸೇಜ್ ಹಾಕಿದರೆ ಉತ್ತರ ಕೊಡುವ ನಾಲ್ಕು ಮಂದಿ ನಿಮಗೆ ಈಗ ಬೇಕು. ಅವರನ್ನು ಹುಡುಕಲು ಸೋಷಿಯಲ್ ಮೀಡಿಯಾ ನಿಜಕ್ಕೂ ಒಳ್ಳೆಯ ದಾರಿ. ಹಾಗಾಗಿ ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಹೆಡ್‌ಮಾಸ್ಟರು ಹೇಳಿದ್ದರಲ್ಲೂ ಅರ್ಧ ಸರಿ ಇದೆ.

ನಾನು ಕರಾವಳಿಯ ಶಾಲೆಗಳಲ್ಲಿ 27 ವರ್ಷ ವಿಜ್ಞಾನ ಕಲಿಸಿದ್ದೇನೆ. ಈಗ ಹೊಸ ಶಿಕ್ಷಕರ ತರಬೇತಿಗೆ ಹೋಗುತ್ತೇನೆ. ನನಗೇ ಆದ ಒಂದು ಅನುಭವದಿಂದ ಶುರು ಮಾಡುತ್ತೇನೆ.

ಆಗಷ್ಟೇ ಮಳೆಗಾಲ ಹಿಡಿದಿತ್ತು. ಜೂನ್ ತಿಂಗಳ ಗುಡುಗು ಸಿಡಿಲು ನಿಮಗೆ ಗೊತ್ತೇ ಇದೆ. 8ನೇ ತರಗತಿಯ ಮಕ್ಕಳು ಮಿಂಚು ಹೇಗೆ ಹುಟ್ಟುತ್ತದೆ ಎಂದು ಕೇಳಿದರು. ಪುಸ್ತಕದಲ್ಲಿ ಆ ಪಾಠ ಕೊನೆಯ ಕಡೆಗೆ ಬರುತ್ತದೆ. ಮಕ್ಕಳಿಗೆ ಆಸಕ್ತಿ ಇರುವಾಗಲೇ ಮಾಡೋಣ ಎಂದು ಮುಂಚೆಯೇ ತೆಗೆದುಕೊಂಡೆ. ಮಿಂಚಿನ ಹಿಂದಿರುವ ವಿದ್ಯುತ್ತನ್ನೇ ಸಣ್ಣದಾಗಿ ತೋರಿಸಲು ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದೆ. ಒಂದು ಚೂರೂ ಏಳಲಿಲ್ಲ. ಬಲೂನು ತಂದೆವು, ಅದೂ ಅಷ್ಟೆ. ನಲವತ್ತು ನಿಮಿಷದ ಪೀರಿಯಡ್ ಹಾಗೇ ಮುಗಿಯಿತು.

ಆ ರಾತ್ರಿ ವಿಜ್ಞಾನ ಶಿಕ್ಷಕರ ಒಂದು ಸಣ್ಣ ವಾಟ್ಸಾಪ್ ಗ್ರೂಪಿನಲ್ಲಿ ಇಷ್ಟು ಬರೆದೆ: ‘8ನೇ ತರಗತಿ. ಸ್ಥಾಯಿ ವಿದ್ಯುತ್ ಪ್ರಯೋಗ. ಬಾಚಣಿಗೆ, ಬಲೂನು ಎರಡರಿಂದಲೂ ಕಾಗದ ಏಳಲಿಲ್ಲ. ಹೊರಗೆ ಜೋರು ಮಳೆ ಇತ್ತು. ಕಳೆದ ಜನವರಿಯಲ್ಲಿ ಇದೇ ಬಾಚಣಿಗೆಯಿಂದ ಚೆನ್ನಾಗಿ ಆಗಿತ್ತು. ಮಳೆಗಾಲದಲ್ಲಿ ನೀವು ಹೇಗೆ ಮಾಡುತ್ತೀರಿ?’

ಅರ್ಧ ಗಂಟೆಯಲ್ಲಿ ಮೂರು ಉತ್ತರ ಬಂತು. ಕಾರ್ಕಳದ ಕಡೆಯ ಒಬ್ಬ ಮೇಷ್ಟ್ರು, ಎಲ್ಲ ಸಾಮಾನನ್ನು ಹಳೇ 60 ವ್ಯಾಟ್ ಬಲ್ಬಿನ ಕೆಳಗೆ ಹತ್ತು ನಿಮಿಷ ಬಿಸಿ ಮಾಡಿ, ಕಾಗದದ ಚೂರನ್ನೂ ಬಿಡಬೇಡಿ ಎಂದರು. ಸುಳ್ಯದ ಒಬ್ಬ ಟೀಚರ್, ಎಣ್ಣೆ ಹಚ್ಚಿದ ತಲೆ ಬೇಡವೇ ಬೇಡ, ಜ್ಯೂಸ್ ಕುಡಿಯುವ ಪ್ಲಾಸ್ಟಿಕ್ ಸ್ಟ್ರಾ ತಗೊಂಡು ಒಣ ಕಾಗದದಿಂದ ಉಜ್ಜಿ ಎಂದರು. ಧಾರವಾಡದ ಕಡೆಯವರೊಬ್ಬರು, ನಮ್ಮಲ್ಲಿ ಈ ತೊಂದರೆ ಅಷ್ಟಿಲ್ಲ, ನಿಮ್ಮ ಗಾಳಿಯ ತೇವವೇ ಕಾರಣ ಇರಬೇಕು ಎಂದರು. ಕಾರಣ ಅದೇ. ತೇವದ ಗಾಳಿಯಲ್ಲಿ ವಸ್ತುಗಳ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಉಜ್ಜಿದಾಗ ಹುಟ್ಟಿದ ವಿದ್ಯುತ್ ಆವೇಶ ಆ ನೀರಿನ ಮೂಲಕ ಸೋರಿ ಹೋಗುತ್ತದೆ.

ಮರುದಿನ ಅವರು ಹೇಳಿದ ಹಾಗೇ ಮಾಡಿದೆ. ಸ್ಟ್ರಾ ಗೋಡೆಗೆ ಅಂಟಿ ನಿಂತಿತು. ಸಂಜೆ ಗ್ರೂಪಿಗೆ ಬಂದು ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ವಿವರವಾಗಿ ಬರೆದೆ. ಅಷ್ಟಕ್ಕೇ ಮುಗಿಯಲಿಲ್ಲ. ಧಾರವಾಡದವರ ಮಕ್ಕಳೂ ನಮ್ಮ ಮಕ್ಕಳೂ ಒಂದೇ ಪ್ರಯೋಗವನ್ನು ಜೂನ್‌ನಲ್ಲಿ ಒಮ್ಮೆ, ಜನವರಿಯಲ್ಲಿ ಒಮ್ಮೆ ಮಾಡಿ ಫಲ ಹೋಲಿಸಿದರು. ಗಾಳಿಯ ತೇವ ಎಂಬುದು ಅವರಿಗೆ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಎರಡು ವರ್ಷದ ಮೇಲೆ ಅದೇ ಧಾರವಾಡದವರು ನನ್ನನ್ನು ಒಂದು ತರಬೇತಿಗೆ ಸಂಪನ್ಮೂಲ ವ್ಯಕ್ತಿಯಾಗಿ ಕರೆಸಿದರು. ನಾವು ಮುಖಾಮುಖಿ ಭೇಟಿಯಾದದ್ದು ಆವತ್ತೇ ಮೊದಲು.

ಆ ಮೆಸೇಜಿನಲ್ಲಿ ಏನಿತ್ತು ನೋಡಿ. ಯಾವ ತರಗತಿ, ಏನು ಮಾಡಿದೆ, ಏನಾಯಿತು, ಹಿಂದೆ ಹೇಗಾಗಿತ್ತು, ಈಗ ಏನು ಬೇಕು, ಇಷ್ಟೇ. ಓದಿದವರಿಗೆ ಇವರು ಕೆಲಸ ಮಾಡಿ ನೋಡಿ ಆಮೇಲೆ ಕೇಳುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ‘8ನೇ ತರಗತಿ ವಿಜ್ಞಾನದ ನೋಟ್ಸ್ ಇದ್ರೆ ಯಾರಾದ್ರೂ ಕಳ್ಸಿ’ ಎಂದು ಬರೆದಿದ್ದರೆ ಒಂದು ಪಿಡಿಎಫ್ ಬರುತ್ತಿತ್ತು. ಕಳಿಸಿದವರ ಹೆಸರು ನನಗೆ ನೆನಪಿರುತ್ತಿರಲಿಲ್ಲ, ನನ್ನ ಹೆಸರು ಅವರಿಗೂ ನೆನಪಿರುತ್ತಿರಲಿಲ್ಲ.

ಇನ್ನೊಂದು ವಿಷಯ ಮರುದಿನ ಬರೆದ ಆ ವರದಿ. ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತಾರೆ. ಪಕ್ಕದ ಮನೆಯವರು ಪಾಯಸ ಕೊಟ್ಟ ಪಾತ್ರೆಯನ್ನು ನಮ್ಮ ಅಮ್ಮಂದಿರು ಖಾಲಿ ವಾಪಸು ಕೊಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ತುಂಡು ಬೆಲ್ಲವಾದರೂ ಹಾಕಿ ಕೊಡುತ್ತಿದ್ದರು. ಶಿಕ್ಷಕರ ನಡುವೆಯೂ ಪರಿಚಯ ಬೆಳೆಯುವುದು ಹೀಗೇ. ನಿಮಗೆ ಉತ್ತರ ಕೊಟ್ಟವರಿಗೆ ಒಂದು ಥ್ಯಾಂಕ್ಸ್ ಸಾಲದು. ‘ನೀವು ಹೇಳಿದ ಹಾಗೆ ಮಾಡಿದೆ, 32 ಮಕ್ಕಳಲ್ಲಿ 25 ಮಂದಿಗೆ ಬಂತು, ಉಳಿದವರ ಕಾಗದ ಒದ್ದೆ ಇತ್ತು’ ಎಂದು ಬರೆದರೆ ಅವರಿಗೆ ಆಗುವ ಖುಷಿಯೇ ಬೇರೆ. ಅಂಥವರು ಮುಂದಿನ ಸಲ ನೀವು ಕೇಳುವ ಮೊದಲೇ ಸಹಾಯಕ್ಕೆ ಬರುತ್ತಾರೆ.

ಈಗ ನಿಮ್ಮ ಏಳು ಗ್ರೂಪುಗಳ ವಿಷಯ. ಎರಡನ್ನು ಇಟ್ಟುಕೊಳ್ಳಿ. ಶಾಲೆಯದ್ದು ಬೇಕೇ ಬೇಕು. ಇನ್ನೊಂದು ನಿಮ್ಮ ಬಿ.ಎಡ್. ಬ್ಯಾಚಿನದ್ದು ಇರಲಿ. ಉಳಿದವನ್ನು ಮ್ಯೂಟ್ ಮಾಡಿ, ಒಂದು ತಿಂಗಳು ನೋಡಿ, ಆಮೇಲೆ ಹೊರಗೆ ಬನ್ನಿ. ಬೇಜಾರು ಯಾರಿಗೂ ಆಗುವುದಿಲ್ಲ. ವಾಟ್ಸಾಪ್ ಗ್ರೂಪಿಗೆ 1024 ಮಂದಿ ಸೇರಬಹುದು. ಅಷ್ಟು ಜನ ಇದ್ದಲ್ಲಿ ಹೊಸಬರು ಬಾಯಿ ಬಿಡುವುದೇ ಕಷ್ಟ. ನಿಮಗೆ ಹತ್ತು ಮಂದಿ ಸಾಕು. ಬ್ಯಾಚಿನಲ್ಲಿ ವಿಜ್ಞಾನ ಓದಿದವರು ಮೂವರು, ಸುತ್ತಮುತ್ತಲ ಶಾಲೆಗಳ ವಿಜ್ಞಾನ ಶಿಕ್ಷಕರು ನಾಲ್ವರು, ಒಬ್ಬಿಬ್ಬರು ಹಿರಿಯರು. ಹೊಸ ಗ್ರೂಪು ಮಾಡುವಾಗ ಮೊದಲ ದಿನವೇ ಹೇಳಿಬಿಡಿ: ಇಲ್ಲಿ ಪಾಠದ ಮಾತು ಮಾತ್ರ. ಹುಟ್ಟುಹಬ್ಬವೂ ಬೇಡ. ಕಟುವಾಗಿ ಕೇಳಿಸಬಹುದು, ಆದರೆ ಗ್ರೂಪು ಉಳಿಯುವುದು ಇದರಿಂದಲೇ.

ಜನ ಎಲ್ಲಿ ಸಿಗುತ್ತಾರೆ ಎಂದು ನೀವು ಕೇಳಬಹುದು. ಮುಖ ನೋಡಿ ಪರಿಚಯ ಆದವರೇ ಆನ್‌ಲೈನಿನಲ್ಲೂ ಗಟ್ಟಿಯಾಗಿ ಉಳಿಯುತ್ತಾರೆ ಎಂಬುದು ನನ್ನ ಅನುಭವ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ತರಬೇತಿ, ತಾಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ, ಇನ್‌ಸ್ಪೈರ್ ಪ್ರಶಸ್ತಿಯ ಪ್ರದರ್ಶನ, ಇಂಥ ಕಡೆ ಮಕ್ಕಳನ್ನು ಕರೆದುಕೊಂಡು ಹೋದಾಗ ಪಕ್ಕದ ಟೇಬಲಿನ ಟೀಚರ್ ಹತ್ತಿರ ಮಾತಾಡಿ. ಮಕ್ಕಳ ಜೊತೆ ಮಂಗಳೂರಿನ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಹೋದಾಗಲೂ ಹಾಗೇ. ಅಲ್ಲಿ ಬೇರೆ ಶಾಲೆಯ ಶಿಕ್ಷಕರು ಇದ್ದೇ ಇರುತ್ತಾರೆ. ಭೌತಶಾಸ್ತ್ರ ಶಿಕ್ಷಕರಿಗೆ ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘ ಇದೆ, 1984ರಲ್ಲಿ ಶುರುವಾದದ್ದು. ಐಎಪಿಟಿ ಎಂದರೆ ಕಾಲೇಜಿನವರಿಗೆ ಬೇಗ ಗೊತ್ತಾಗುತ್ತದೆ. ಕಸದಿಂದ ವಿಜ್ಞಾನದ ಆಟಿಕೆ ಮಾಡುವುದನ್ನು ಕಲಿಸಿದ ಅರವಿಂದ ಗುಪ್ತಾ ಅವರ ವಿಡಿಯೊಗಳು ಯೂಟ್ಯೂಬಿನಲ್ಲಿ ಉಚಿತವಾಗಿವೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇವೆರಡನ್ನೂ ಫಾಲೋ ಮಾಡಿ. ಕನ್ನಡದಲ್ಲೇ ಬೇಕೆಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ತಾಣ ನೋಡಿ, ಕೋಯರ್ ಎಂದು ಕರೆಯುತ್ತಾರೆ. ಅಲ್ಲಿರುವುದರಲ್ಲಿ ಶಿಕ್ಷಕರೇ ಬರೆದದ್ದು ತುಂಬಾ ಇದೆ.

ಯಾರದ್ದಾದರೂ ಪೋಸ್ಟ್ ಇಷ್ಟ ಆದರೆ ‘ಸೂಪರ್ ಸರ್’ ಎಂದು ಬಿಟ್ಟುಬಿಡಬೇಡಿ. ನಿಮ್ಮ ತರಗತಿಯಲ್ಲಿ ಅದನ್ನು ಮಾಡಿ, ಏನಾಯಿತು ಎಂದು ಎರಡು ಸಾಲು ಬರೆಯಿರಿ.

ನಾನೇನು ಹಾಕಲಿ, ನನಗೆ ಇನ್ನೂ ಏನೂ ಗೊತ್ತಿಲ್ಲ ಎಂದು ಹೊಸಬರೆಲ್ಲ ಹೇಳುತ್ತಾರೆ. ನಿಮ್ಮ ಊರಿನಲ್ಲಿ ಇರುವುದನ್ನೇ ಹಾಕಿ. ಮುರಕಲ್ಲಿನ (ತೂತುಗಳಿರುವ ನಮ್ಮ ಕೆಂಪು ಕಲ್ಲು) ಒಂದು ತುಂಡನ್ನು ತೂಕ ಮಾಡಿ, ಇಡೀ ರಾತ್ರಿ ನೀರಿನಲ್ಲಿಟ್ಟು, ಮತ್ತೆ ತೂಕ ಮಾಡಿ. ನಮ್ಮ ಬಾವಿಗಳಿಗೆ ನೀರು ಹೇಗೆ ಇಳಿಯುತ್ತದೆ ಎಂಬ ಪಾಠ ಅದರಲ್ಲೇ ಇದೆ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನಾವು ಪಿಕ್‌ನಿಕ್ಕಿನಲ್ಲಿ ನೋಡಿ ಬರುತ್ತೇವೆ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಹಾಗಾದದ್ದು ಎಂದು ನಾಲ್ಕು ಚಿತ್ರದ ಜೊತೆ ಬರೆದರೆ ಕೊಪ್ಪಳದ ಟೀಚರಿಗೆ ಅದು ಬಂಗಾರ. ಸೀತಾನದಿ ಸಮುದ್ರ ಸೇರುವ ಅಳಿವೆಯ ಹತ್ತಿರ ಭರತ (ಉಬ್ಬರ) ಬಂದಾಗ ನೀರು ಎಷ್ಟು ಉಪ್ಪಾಗುತ್ತದೆ, ಇಳಿತದಲ್ಲಿ ಎಷ್ಟು ಎಂದು ಮಕ್ಕಳ ಹತ್ತಿರ ಅಳೆಸಬಹುದು. ಇನ್ನೊಂದು ಮುಖ್ಯ ವಿಷಯ ಭಾಷೆ. ನಿಮ್ಮ ತರಗತಿಯಲ್ಲಿ ತುಳು, ಕುಂದಗನ್ನಡ, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳು ಒಟ್ಟಿಗೆ ಕೂರುತ್ತಾರೆ ಅಲ್ವಾ? ಪುಸ್ತಕದ ‘ಸಾಂದ್ರತೆ’ ಎಂಬ ಶಬ್ದವನ್ನು ಅವರಿಗೆ ನೀವು ಯಾವ ಮಾತಿನಲ್ಲಿ ತಲುಪಿಸಿದಿರಿ ಎಂಬುದನ್ನು ಬೇರೆ ಯಾರೂ ಬರೆಯಲಾರರು.

ಲಿಂಕ್ಡ್‌ಇನ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅದರಿಂದ ಸರ್ಕಾರಿ ಕೆಲಸ ಸಿಗುವುದಿಲ್ಲ. ಅದಕ್ಕೆ ಅಧಿಸೂಚನೆ, ಹುದ್ದೆಗೆ ಬೇಕಿದ್ದರೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ), ನೇಮಕಾತಿ ಪರೀಕ್ಷೆ, ಮೆರಿಟ್ ಪಟ್ಟಿ ಇವೇ ದಾರಿ. ಸಣ್ಣ ಖಾಸಗಿ ಶಾಲೆಗಳು ಕೂಡ ಬೇಸಿಗೆ ರಜೆಯಲ್ಲಿ ಪತ್ರಿಕೆಯ ಜಾಹೀರಾತು, ಪರಿಚಯದವರ ಮಾತು ಇವುಗಳಿಂದಲೇ ಜನ ತೆಗೆದುಕೊಳ್ಳುತ್ತವೆ. ಮಣಿಪಾಲ, ಮಂಗಳೂರಿನ ದೊಡ್ಡ ಸಿಬಿಎಸ್‌ಇ ಶಾಲೆಗಳು, ಬೆಂಗಳೂರಿನ ಶಾಲೆಗಳು, ಶಿಕ್ಷಣದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು, ಪಠ್ಯ ತಯಾರಿಸುವ ಕಂಪನಿಗಳು, ಇಂಥ ಕಡೆ ಮುಂದೆ ಹೋಗುವ ಆಸೆ ಇದ್ದರೆ ಖಾತೆ ಇರಲಿ. ಹೆಸರಿನ ಕೆಳಗಿನ ಸಾಲಿನಲ್ಲಿ ಪ್ಯಾಷನೇಟ್ ಎಜುಕೇಟರ್ ಎಂದು ಬರೆಯಬೇಡಿ. ಸಾವಿರಾರು ಮಂದಿ ಅದನ್ನೇ ಬರೆದಿದ್ದಾರೆ. ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಉಡುಪಿ ಜಿಲ್ಲೆ, ಕಡಿಮೆ ಖರ್ಚಿನ ಪ್ರಯೋಗಗಳು ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಆ ಸಾಲಿಗೆ 220 ಅಕ್ಷರಗಳ ಜಾಗ ಇದೆ, ಅದರ ಅರ್ಧವೂ ಬೇಡ. ತಿಂಗಳಿಗೆ ಒಂದು ಪೋಸ್ಟ್ ಸಾಕು. ಯಾರಿಗಾದರೂ ಪರಿಚಯದ ಕೋರಿಕೆ ಕಳಿಸುವಾಗ ಅವರ ಯಾವ ಬರಹ ಓದಿದಿರಿ, ಏಕೆ ಬರೆಯುತ್ತಿದ್ದೀರಿ ಎಂದು ಎರಡು ಸಾಲು ಸೇರಿಸಿ. ಗೌರವ ಶಿಕ್ಷಕಿ ಎಂಬುದನ್ನು ಮುಚ್ಚಿಡಬೇಡಿ. ನಮ್ಮ ಜಿಲ್ಲೆಯಲ್ಲಿ ಹಳೆ ವಿದ್ಯಾರ್ಥಿ ಸಂಘದವರು, ಆಡಳಿತ ಮಂಡಳಿಯವರು ಕೊಡುವ ಸಣ್ಣ ಗೌರವಧನದಲ್ಲಿ ಎಷ್ಟೋ ಕನ್ನಡ ಶಾಲೆಗಳ ಪಾಠ ನಡೆಯುತ್ತಿದೆ. ಆ ಕೆಲಸಕ್ಕೆ ಮರ್ಯಾದೆ ಇದೆ.

ರೀಲ್ಸ್ ದಿನಾ ಬೇಡ. ಅದರ ಹಿಂದೆ ಬಿದ್ದರೆ ಪಾಠದ ತಯಾರಿಗೆ ಹೊತ್ತು ಉಳಿಯುವುದಿಲ್ಲ. ಮಾಡಬೇಕು ಅನ್ನಿಸಿದಾಗ ಮೇಜು, ಸಾಮಾನು, ನಿಮ್ಮ ಎರಡು ಕೈ, ನಿಮ್ಮ ಧ್ವನಿ ಇಷ್ಟು ಮಾತ್ರ ಕಾಣುವ ಹಾಗೆ ಮಾಡಿ. ಮಕ್ಕಳ ಮುಖ ಬೇಡ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಒಂದು ವರ್ಷ ಬಹುಮಾನ ಪಡೆದ ಹುಡುಗಿಯೊಬ್ಬಳ ಫೋಟೊವನ್ನು ನಾನು ಫೇಸ್‌ಬುಕ್ಕಿನಲ್ಲಿ ಹಾಕಿದೆ. ಹೆಸರು, ತರಗತಿ, ಶಾಲೆ ಎಲ್ಲ ಬರೆದಿದ್ದೆ. ಮರುದಿನ ಬೆಳಿಗ್ಗೆ ಅವಳ ಅಮ್ಮ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತಿದ್ದರು. ಗಂಡನ ಹಿಂಸೆ ತಾಳಲಾರದೆ ಮಗಳನ್ನು ಕರೆದುಕೊಂಡು ದೂರದ ಊರಿನಿಂದ ಇಲ್ಲಿಗೆ ಬಂದಿದ್ದರಂತೆ. ಎಲ್ಲಿದ್ದೇವೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವರ ಕೈ ನಡುಗುತ್ತಿತ್ತು. ಫೋಟೊವನ್ನು ಆಗಲೇ ತೆಗೆದೆ. ಆದರೆ ಅಷ್ಟರಲ್ಲಿ ಅದು ಎರಡು ಗ್ರೂಪುಗಳಿಗೆ ಹೋಗಿಯಾಗಿತ್ತು. ಆ ವರ್ಷ ಮುಗಿಯುವವರೆಗೆ ಸಂಜೆ ಬೆಲ್ ಆದ ಮೇಲೆ ಆ ಮಗು ಬಸ್ಸು ಹತ್ತುವವರೆಗೆ ನಾನು ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಕೆಟ್ಟದ್ದೇನೂ ಆಗಲಿಲ್ಲ. ಆದರೂ ಆ ತಾಯಿಯ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಮಗುವಿನ ಮನೆಯಲ್ಲಿ ಏನಿದೆ ಎಂದು ನಮಗೆ ಗೊತ್ತಿರುವುದಿಲ್ಲ. ನಾವು ಹೆಮ್ಮೆಯಿಂದ ಹಾಕಿದ ಚಿತ್ರ ಇನ್ನೊಬ್ಬರಿಗೆ ವಿಳಾಸ ಆಗಬಹುದು.

ಕಾನೂನು ಕೂಡ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರನ್ನೆಲ್ಲ ಮಕ್ಕಳು ಎಂದೇ ಲೆಕ್ಕ ಹಾಕುತ್ತದೆ. ಅವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಬಿಟ್ಟುಕೊಡುವುದು 2012ರ ಪೋಕ್ಸೋ ಕಾಯ್ದೆಯಲ್ಲಿ ಅಪರಾಧ. ಮಗುವಿನ ಉತ್ತರ ಪತ್ರಿಕೆಯ ಫೋಟೊ ಹಾಕಿ ತಪ್ಪು ಉತ್ತರಕ್ಕೆ ನಗುವ ಪೋಸ್ಟುಗಳನ್ನು ನೋಡುತ್ತೇನೆ. ಹೆಸರು ಮುಚ್ಚಿದರೂ ಅಕ್ಷರ ನೋಡಿ ಆ ಮಗುವಿಗೆ ತನ್ನದೆಂದು ಗೊತ್ತಾಗುತ್ತದೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂದು ಚರ್ಚೆ ಮಾಡಬೇಕಾದರೆ ಆ ತಪ್ಪನ್ನು ನಿಮ್ಮ ಕೈಬರಹದಲ್ಲಿ ಬರೆದು ಹಾಕಿ.

ಇನ್‌ಸ್ಟಾಗ್ರಾಂ ರಿಕ್ವೆಸ್ಟುಗಳಿಗೆ ಉತ್ತರ ಸುಲಭ. ಯಾರದ್ದನ್ನೂ ಒಪ್ಪಿಕೊಳ್ಳಬೇಡಿ. ಒಬ್ಬರದ್ದನ್ನು ಒಪ್ಪಿ ಇನ್ನೊಬ್ಬರದ್ದನ್ನು ಬಿಟ್ಟರೆ ತರಗತಿಯಲ್ಲಿ ಅದೇ ಮಾತಾಗುತ್ತದೆ. ‘ನಾನು ವಿದ್ಯಾರ್ಥಿಗಳು ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ನಿಮ್ಮ ಮೇಲೆ ಬೇಜಾರಿಲ್ಲ’ ಎಂದು ಎಲ್ಲರ ಎದುರೇ ಪ್ರೀತಿಯಿಂದ ಹೇಳಿ. ಇನ್‌ಸ್ಟಾಗ್ರಾಂಗೆ 13 ವರ್ಷ ಆಗಿರಬೇಕು ಎಂಬ ನಿಯಮ ಇದೆ, 8ನೇ ತರಗತಿಯವರಲ್ಲಿ ಕೆಲವರಿಗೆ ಅಷ್ಟೂ ಆಗಿರುವುದಿಲ್ಲ. ನಿಮ್ಮ ಸ್ವಂತ ಖಾತೆಯನ್ನು ಪ್ರೈವೇಟ್ ಮಾಡಿ. ಮನೆಯ ಮದುವೆ, ಗೆಳತಿಯರ ತಿರುಗಾಟ ಅಲ್ಲಿರಲಿ. ಶಿಕ್ಷಕಿಯಾಗಿ ಬರೆಯುವುದಕ್ಕೆ ಬೇರೆ ಖಾತೆ ಇರಲಿ. ಪೋಷಕರಿಗೆ ಏನಾದರೂ ತಿಳಿಸಬೇಕಾದರೆ ಹೆಡ್‌ಮಾಸ್ಟರೂ ಇರುವ ಶಾಲೆಯ ಗ್ರೂಪಿನಲ್ಲೇ ತಿಳಿಸಿ. ಮಗುವಿಗೆ ರಾತ್ರಿ ಒಂಟಿ ಮೆಸೇಜ್ ಬೇಡ, ಎಷ್ಟೇ ಒಳ್ಳೆಯ ಉದ್ದೇಶ ಇರಲಿ. ವಾಟ್ಸಾಪ್‌ನಲ್ಲಿ ನಿಮ್ಮನ್ನು ಗ್ರೂಪುಗಳಿಗೆ ಯಾರು ಸೇರಿಸಬಹುದು ಎಂಬ ಸೆಟ್ಟಿಂಗ್ ಇದೆ. ಅದನ್ನು ‘ನನ್ನ ಸಂಪರ್ಕಗಳು’ ಎಂದು ಬದಲಿಸಿ.

ಹೆಡ್‌ಮಾಸ್ಟರ ಹೆದರಿಕೆಯನ್ನು ಸುಮ್ಮನೆ ತಳ್ಳಿಹಾಕಬೇಡಿ. ನಮ್ಮ ಕರಾವಳಿಯಲ್ಲಿ ಒಂದು ಪೋಸ್ಟಿಗೆ ಜಾತಿ, ಧರ್ಮ, ಪಕ್ಷದ ಬಣ್ಣ ಹಚ್ಚಲು ಒಂದು ಗಂಟೆ ಸಾಕು. ಟೀಚರ್ ಹೇಳಿದ್ದು ಎಂದ ಮೇಲೆ ಜನ ನಂಬುತ್ತಾರೆ, ಆದ್ದರಿಂದ ನಿಮ್ಮ ಫಾರ್ವರ್ಡಿಗೆ ತೂಕ ಜಾಸ್ತಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳ ಹೆಸರಿನಲ್ಲಿ ನಕಲಿ ರಜೆ ಆದೇಶ ಓಡಾಡುವುದನ್ನು ನೀವೂ ನೋಡಿರುತ್ತೀರಿ. ಹಳೇ ಆದೇಶದ ದಿನಾಂಕ ತಿದ್ದಿ ಬಿಡುತ್ತಾರೆ. ಅಂಥದ್ದನ್ನು ಒಬ್ಬ ಟೀಚರ್ ದಾಟಿಸಿದರೆ ಮರುದಿನ ಅರ್ಧ ತರಗತಿ ಖಾಲಿ. ಇಲಾಖೆಯಿಂದ ಶಾಲೆಗೆ ಬಂದದ್ದನ್ನು ಮಾತ್ರ ನಂಬಿ, ಅದನ್ನು ಮಾತ್ರ ಕಳಿಸಿ. ನಾಳೆ ಸರ್ಕಾರಿ ಕೆಲಸ ಸಿಕ್ಕಿದರೆ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021 ನಿಮಗೂ ಅನ್ವಯ ಆಗುತ್ತವೆ. ಆಗ ಯೂಟ್ಯೂಬ್ ಚಾನೆಲ್ ಮಾಡುವ ಮೊದಲು, ಸರ್ಕಾರದ ಯೋಜನೆ ಬಗ್ಗೆ ಬರೆಯುವ ಮೊದಲು ಅವನ್ನು ಒಮ್ಮೆ ಪೂರ್ತಿ ಓದಿ.

ಹಾಗಂತ ಹೆಡ್‌ಮಾಸ್ಟರಿಗೆ ತಿಳಿಯದ ಹಾಗೆ ಶುರು ಮಾಡಬೇಡಿ. ಮುರಕಲ್ಲಿನ ಪ್ರಯೋಗದ ಬಗ್ಗೆ ಒಂದು ಪೋಸ್ಟ್ ಬರೆದು, ಹಾಕುವ ಮೊದಲು ಅವರಿಗೆ ತೋರಿಸಿ. ‘ಸರ್, ಇದರಲ್ಲಿ ಮಕ್ಕಳ ಮುಖ ಇಲ್ಲ, ಶಾಲೆಯ ಹೆಸರು ಇಲ್ಲ, ಹಾಕಬಹುದಾ?’ ಎಂದು ಕೇಳಿ. ಅವರ ಮನಸ್ಸಿನಲ್ಲಿರುವುದು ಬಹುಶಃ ಡ್ಯಾನ್ಸ್ ವಿಡಿಯೊ, ಜಗಳದ ಕಾಮೆಂಟು. ಕಲ್ಲು ತೂಗುವ ಫೋಟೊ ಬೇಡ ಎನ್ನುವ ಹೆಡ್‌ಮಾಸ್ಟರು ಕಡಿಮೆ.

ಕೆಲಸ ಹುಡುಕುವವರಿಗೆ ಇನ್ನೊಂದು ಎಚ್ಚರಿಕೆ. ಟೆಲಿಗ್ರಾಂ, ಲಿಂಕ್ಡ್‌ಇನ್ ಎರಡರಲ್ಲೂ ‘ಶಿಕ್ಷಕರ ಹುದ್ದೆ, ನೋಂದಣಿ ಶುಲ್ಕ ಕಟ್ಟಿ’ ಎಂಬ ಮೆಸೇಜುಗಳು ಬರುತ್ತವೆ. ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಕಟ್ಟಿಬಿಟ್ಟಿದ್ದರೆ ನಾಚಿಕೆ ಬಿಟ್ಟು ಕೂಡಲೇ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಈ ವಾರ ನೀವು ಮಾಡಬೇಕಾದದ್ದು ಒಂದೇ. ಇತ್ತೀಚೆಗೆ ಕೈಕೊಟ್ಟ ಒಂದು ಪಾಠವನ್ನು ನೆನಪು ಮಾಡಿಕೊಂಡು, ಐದು ಸಾಲಿನಲ್ಲಿ ಬರೆದು, ಬ್ಯಾಚಿನ ಗ್ರೂಪಿಗೆ ಹಾಕಿ. ಮೊದಲ ಸಲ ಯಾರೂ ಉತ್ತರ ಕೊಡದೆ ಇರಬಹುದು. ಆಗ ಅದೇ ಮೆಸೇಜನ್ನು ವಿಜ್ಞಾನದವರು ಮೂವರಿಗೆ ಪ್ರತ್ಯೇಕವಾಗಿ ಕಳಿಸಿ. ಒಬ್ಬರಾದರೂ ಬರೆಯುತ್ತಾರೆ. ಮಿಂಚಿನ ಪಾಠಕ್ಕೆ ಸ್ಟ್ರಾ ಈಗಲೇ ತೆಗೆದಿಟ್ಟುಕೊಳ್ಳಿ. ಡಿಸೆಂಬರ್ ಕೊನೆಯಲ್ಲಿ ಮಾಡಿದರೆ ಬಲ್ಬಿನ ಶಾಖ ಬೇಡವಾಗಬಹುದು, ಆದರೆ ಸಮುದ್ರದಿಂದ ನಿಮ್ಮ ಶಾಲೆ ಎಷ್ಟು ದೂರ ಎಂದು ನೀವು ಬರೆದಿಲ್ಲ. ಹತ್ತಿರ ಇದ್ದರೆ ಬೆಳಿಗ್ಗೆಯ ಪೀರಿಯಡ್‌ನಲ್ಲಿ ಒಮ್ಮೆ, ಮಧ್ಯಾಹ್ನ ಒಮ್ಮೆ ಮಾಡಿ ನೋಡಿ. ಎಷ್ಟು ಚೂರು ಎದ್ದವು ಎಂದು ನನಗೂ ಬರೆಯಿರಿ.